ಟೀವಿ ದೊರೆಸಾನಿ ಮತ್ತು ನನ್ನ ಮರಿಗಿ

ಗಂಡನ ಹೆಸರು ಬಾಯಿಬಿಟ್ಟು ಹೇಳಬಾರದು ಅಂತ ನಮ್ಮವ್ವ ಕಲಿಸಿದ್ಲು. ನಾ ಹೇಳತೀನಿ. ಶೇಕ್ಷಾವಲಿ. ಸಿರುಗುಪ್ಪದಾಗ ಹುಟ್ಟಿದೋರು, ಬಳ್ಳಾರಿಯಾಗ ಬೆಳೆದೋರು, ಬಂಗಾರದ ಕಸ ಹೊಡಿಯೋರು. ಕುಡಿಯೋದಿಲ್ಲ, ಬೀಡಿ ಸೇದೋದಿಲ್ಲ, ನನ್ನ ಮ್ಯಾಲೆ ಒಂದಿನ ಕೈ ಎತ್ತಿಲ್ಲ. ಇಷ್ಟೆಲ್ಲಾ ಒಳ್ಳೆ ಗುಣ ಇಟ್ಟುಕೊಂಡು, ಇಪ್ಪತ್ತೆರಡು ವರ್ಷ ನನ್ನ ಕೂಡ ಸಂಸಾರ ಮಾಡಿ, ಕಡೀಗೆ ಟೀವಿಯೊಳಗಿನ ಒಬ್ಬಾಕಿಗೆ ಮರುಳಾದ್ರು ನೋಡ್ರಿ. ಅದನ್ನ ಹೇಳಬೇಕಂದ್ರ ಇವರ ಪುರಾಣ ಎಲ್ಲಾ ಹೇಳಬೇಕು.

ಬಂಗಾರದ ಕಸ ಅಂದ್ರೇನು ಅಂತ ಕೇಳತೀರಿ. ಪತ್ತಾರರು ಕುಂತು ಬಂಗಾರ ಉಜ್ಜತಾರಲ್ಲ, ಆವಾಗ ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿ ಹಾರತೈತಿ. ಅದು ಅವರ ಅಂಗಿಗೆ ಹತ್ತತೈತಿ, ಚಪ್ಪಲಿಗೆ ಹತ್ತತೈತಿ, ಹೊಸ್ತಿಲ ದಾಟಿ ಬೀದಿಗೆ ಬರತೈತಿ. ಅಂಗಡಿ ಬಾಗಿಲು ತೆಗಿಯೋದರೊಳಗ ಇವರು ಬಜಾರಕ್ಕ ಹೋಗಿ, ಬಂಗಾರದ ಅಂಗಡಿ ಸಾಲು ಗುಡಿಸಿ, ಗಟಾರದ ಕೆಸರು ಬಾಚಿ, ಗೋಣಿಚೀಲದಾಗ ತುಂಬಿ ಸೈಕಲ್ ಮ್ಯಾಲೆ ಮನಿಗೆ ತರತಾರ. ಅದನ್ನ ಸೋಸಿ, ಮರಿಗಿಯಾಗ ಹಾಕಿ, ನೀರಾಗ ತೊಳೀಬೇಕು. ಮರಿಗಿ ಅಂದ್ರ ನಡುವ ತಗ್ಗಿರೋ ಕಟಿಗಿ ತಟ್ಟಿ. ತಿರುಗಿಸ್ತಾ ತಿರುಗಿಸ್ತಾ ಹೋದ್ರ ಹಗುರದ್ದು ನೀರಿನ ಕೂಡ ಹೋಗತೈತಿ, ತೂಕದ್ದು ತಳಕ್ಕ ಕುಂದರತೈತಿ. ಆಮ್ಯಾಲೆ ಪಾದರಸ ಹಾಕಿ ಉಜ್ಜಿ, ಬಟ್ಟಿಯಾಗ ಹಿಂಡಿ, ಸುಟ್ಟರ ಸಾಸಿವಿ ಕಾಳಿನಷ್ಟು ಬಂಗಾರ ಸಿಗತೈತಿ. ನಮ್ಮ ಒಲಿ ಉರಿಯೋದು ಆ ಸಾಸಿವಿ ಕಾಳಿನಿಂದ.

ನನ್ನ ತವರುಮನಿ ಕುರುಗೋಡು. ನಮ್ಮವ್ವ ಶಾದಿ ಮನಿಗಳಿಗೆ ಅಡಿಗಿ ಮಾಡಾಕ ಹೋಗ್ತಿದ್ಲು, ಕೂಡ ನಾನೂ. ದೇಶನೂರು ಕಡೆಯಿಂದ ಚೀಲಗಟ್ಟಲೆ ಅಕ್ಕಿ ಬರ್ತಿತ್ತು. ಕಣದಾಗ ಒಕ್ಕಿದ ನೆಲ್ಲಿನ ಅಕ್ಕಿ, ಹಿಡಿಗೊಂದು ಕಲ್ಲು. ಅದನ್ನ ನೀರಾಗ ಜಾಲಿಸೋ ಕೆಲಸ ನಂದು. ಬೋಗಾಣಿ ಆಡಿಸ್ತಾ ಆಡಿಸ್ತಾ ಅಕ್ಕಿ ಈ ಕಡೆ, ಕಲ್ಲು ತಳದಾಗ. ಸಾವಿರ ಮಂದಿ ಉಂಡು ಎದ್ರೂ ಒಬ್ಬರ ಹಲ್ಲಿಗೆ ಕಲ್ಲು ಸಿಗ್ತಿರಲಿಲ್ಲ. ಬಳ್ಳಾರಿಗೆ ಸೊಸಿಯಾಗಿ ಬಂದು ಇವರ ಮರಿಗಿ ನೋಡಿದಾಗ ನಗು ಬಂತು. ಅಯ್ಯ, ಇದು ಅಕ್ಕಿ ಜಾಲಿಸೋದ ಅಲ್ಲೇನು ಅಂದೆ.

ಮೊದಲ ಎರಡು ವರ್ಷ ಇವರ ತೊಳೀತಿದ್ರು, ನಾ ಪಕ್ಕದಾಗ ಕುಂತು ಕಲ್ತೆ. ಆಮ್ಯಾಲೆ ಒಂದಿನ ಸೊಂಟ ಹಿಡಕೊಂಡೈತಿ ಅಂತ ಎದ್ರು. "ಇನ್ನ ಮ್ಯಾಲೆ ನೀನ ತೊಳಿ, ನನ್ನ ಕೈಲೆ ಆಗೂದಿಲ್ಲ" ಅಂದ್ರು. ಅವತ್ತಿನಿಂದ ಕಸ ತರೋದು ಇವರು, ತೊಳಿಯೋದು ನಾನು. ಪ್ರತಿ ಶುಕ್ರವಾರ ಆ ಸೊಂಟಕ್ಕ ನೀಲಗಿರಿ ಎಣ್ಣಿ ಬಿಸಿ ಮಾಡಿ ತಿಕ್ಕೋದೂ ನಾನು.

ಇಪ್ಪತ್ತು ವರ್ಷದಾಗ ನನ್ನ ಕೈಗೆ ಒಂದು ಒಳ್ಳೆ ಮಾತು ಬಂದಿಲ್ಲ. ಸುಟ್ಟು ತೆಗೆದ ಬಂಗಾರದ ಗುಂಡು ಬಿಸಿಲಿಗೆ ಹಿಡಿದು ನೋಡೋರು, "ಹೂಂ" ಅನ್ನೋರು, ಕಾಗದದಾಗ ಸುತ್ತಿಕೊಂಡು ಮಾರಾಕ ಹೋಗೋರು. ಅಷ್ಟ.

ಅದಿರಿನ ಲಾರಿಗಳು ಶುರುವಾದ ಮ್ಯಾಲಂತೂ ನಮ್ಮ ಕೆಲಸ ಕೆಟ್ಟು ಕೆರ ಹಿಡೀತು. ಊರ ತುಂಬಾ ಕೆಂಪು ಧೂಳು. ಒಣಗಾಕ ಹಾಕಿದ ಬಟ್ಟಿ ಕೆಂಪು, ಬೇವಿನ ಗಿಡ ಕೆಂಪು, ಮೂಗು ಸೀಂಟಿದ್ರ ಕೆಂಪು. ಆ ಧೂಳು ಬಜಾರದ ಕಸದಾಗೂ ಕೂಡಿಕೊಂತು. ಅದಿರು ಅಂದ್ರ ಕಬ್ಬಿಣ, ತೂಕ. ಮರಿಗಿ ತಳದಾಗ ಬಂಗಾರದ ಮಗ್ಗಲಿಗೆ ಹೋಗಿ ಕುಂದರತೈತಿ, ಸೂಜಿಗಲ್ಲು ಆಡಿಸಿದ್ರೂ ಏಳೂದಿಲ್ಲ. ನಮ್ಮ ಹಂಗ ಮಣ್ಣು ತೊಳಿಯೋ ನಾಲ್ಕು ಮನಿಯವರು ಸಾಕಪ್ಪಾ ಸಾಕು ಅಂತ ಲಾರಿಗೆ ಅದಿರು ತುಂಬಾಕ ಹೋದ್ರು. ನಾ ಬಿಡಲಿಲ್ಲ. ಮರಿಗಿ ಒಂದು ಕಡೆ ವಾರಿ ಮಾಡಿ, ಅಂಗೈ ಬುಡದಿಂದ ಮೆಲ್ಲಕ ಮೂರು ಸರ್ತಿ ತಟ್ಟಿದ್ರ ಕೆಂಪು ಒಂದು ಕೂದಲೆಳಿಯಷ್ಟು ಮುಂದ ಜರಗತೈತಿ, ಬಂಗಾರ ಹಿಂದ ನಿಲ್ಲತೈತಿ. ಅದನ್ನ ನಾನ ಕಂಡುಕೊಂಡೆ, ಯಾರೂ ಹೇಳಿಕೊಟ್ಟಿಲ್ಲ. ಇವರು ನಿಂತು ನೋಡಿದ್ರು. "ಹೂಂ" ಅಂದ್ರು.

ಊರಿಗೆ ಊರೇ ಹೊಟ್ಟಿ ಉರಕೊಳ್ಳೋ ಕಾಲ ಅದು. ನಿನ್ನೆ ಪಂಚರ್ ಹಾಕೋನು ಇವತ್ತು ದೊಡ್ಡ ಕಾರಿನಾಗ. ಗಣಿ ಸಾಹುಕಾರರ ಹೆಲಿಕಾಪ್ಟರ್ ಸಪ್ಪಳ ಕೇಳಿದ್ರ ಸತ್ಯನಾರಾಯಣಪೇಟೆ ಮಂದಿ ಮಾಳಿಗಿ ಏರಿ ನೋಡಿ ಬೈತಿದ್ರು. ನನಗ ಅವರ ಮ್ಯಾಲೆ ಹೊಟ್ಟಿಕಿಚ್ಚು ಬರಲಿಲ್ಲ. ನನ್ನ ಪಾಲಿನ ಹೊಟ್ಟಿಕಿಚ್ಚನ್ನ ಅಲ್ಲಾ ಬ್ಯಾರೆ ಕಡೆ ಇಟ್ಟಿದ್ದ.

ನಮ್ಮನಿಗೂ ಟೀವಿ ಬಂತು, ಕೇಬಲ್ ಬಂತು. ಒಂದು ಸಂಜಿ ನಾ ರೊಟ್ಟಿ ಬಡೀತಿದ್ದೆ, ಇವರು ಒಮ್ಮೆಲೆ "ಲೇ ಸುಗ್ರಾ, ಬಾ ಇಲ್ಲಿ, ನೋಡಬಾ" ಅಂತ ಒದರಿದ್ರು. ಹಿಟ್ಟಿನ ಕೈಲೆ ಓಡಿ ಬಂದೆ. ಯಾವುದೋ ದೇಶ, ಸುತ್ತ ಹಿಮ, ನಡುವ ನದಿ. ಮಾತೆಲ್ಲಾ ಹಿಂದಿಯಾಗ ಹಾಕಿದ್ರು, ತಿಳೀತಿತ್ತು. ಬಂಗಾರದ ಗಂಧ ಗಾಳಿ ಗೊತ್ತಿಲ್ಲದ ಏಳೆಂಟು ಬಿಳಿ ಮಂದಿ, ಒಬ್ಬ ಬಸ್ ಡ್ರೈವರ್, ಒಬ್ಬ ಸಾಲಿ ಮಾಸ್ತರ, ಇದ್ದ ಕೆಲಸ ಬಿಟ್ಟು ಪರದೇಶಕ್ಕ ಬಂಗಾರ ಹುಡುಕಾಕ ಹೋಗಿದ್ರು. ಅವರು ಬಿದ್ದಿದ್ದು ಎದ್ದಿದ್ದು, ಜಗಳಾಡಿದ್ದು ಅತ್ತಿದ್ದು ಎಲ್ಲಾ ಕ್ಯಾಮೆರಾದಾಗ ಹಿಡಿದು ದಿನಾ ಏಳು ಗಂಟೆಗೆ ತೋರಿಸೋರು. ಅದರಾಗ ಒಬ್ಬಾಕಿ ದೊರೆಸಾನಿ. ಹಳದಿ ಜಡಿ, ತೊಡಿ ತನಕ ರಬ್ಬರ್ ಬೂಟು. ಮೊದಲು ಮಂದಿ ಕೂದಲು ಕತ್ತರಿಸ್ತಿದ್ಲಂತ. ಕೈಯಾಗ ಒಂದು ಹಸಿರು ಪ್ಲಾಸ್ಟಿಕ್ ಮರಿಗಿ.

ಹೌದ್ರಿ, ಮರಿಗಿ! ನಂದ, ಪ್ಲಾಸ್ಟಿಕ್‌ನಾಗ.

ಅಕಿ ನೀರಾಗ ಅದನ್ನ ಗಿರಗಿರ ತಿರುಗಿಸಿದ್ಲು. ತಳದಾಗ ಒಂದು ಕಣ ಕಂಡಿದ್ದಕ್ಕ ಹೋ ಅಂತ ಕಿರಿಚಿ ಎಲ್ಲಾರನ್ನೂ ತಬ್ಬಿಕೊಂಡ್ಲು. ಹಿಂದ ಡೋಲು ಬಡಿದ್ರು. ಇಲ್ಲಿ ನಮ್ಮ ಶೇಕ್ಷಾವಲಿ ಸಾಹೇಬರು ತೊಡಿ ತಟ್ಟಿ, "ಶಹಬ್ಬಾಸ್! ಶಹಬ್ಬಾಸ್ ಬೇಟಿ!" ಅಂದ್ರು.

ನನ್ನ ಎದಿಯಾಗ ಬೆಂಕಿ ಬಿತ್ತು. ರೊಟ್ಟಿ ಒಲಿ ಮ್ಯಾಲೆ ಸೀದು ಕರಕಲಾತು.

ಅವತ್ತಿನಿಂದ ದಿನಾ ಅದ ಹಾಡು. ಏಳು ಗಂಟೆ ಆತಂದ್ರ ಟೀವಿ ಮುಂದ ಹಾಜರ್. ಅಕಿ ಕೆಸರಾಗ ಬಿದ್ರ "ಅಯ್ಯೋ ಪಾಪ", ಎದ್ರ "ಶಹಬ್ಬಾಸ್". ನಾ ಸುಮ್ಮನ ಹಿಂದ ನಿಂತು ಅಕಿ ಕೈ ನೋಡ್ತಿದ್ದೆ. ಮೊಣಕೈ ಎತ್ತತಿದ್ಲು! ಮರಿಗಿ ತೊಳಿಯುವಾಗ ಮಣಿಕಟ್ಟು ಆಡಬೇಕು, ಮೊಣಕೈ ಏಳಬಾರದು. ಅಕಿ ಚೆಲ್ಲಿದ ನೀರಾಗ ಹೋದ ಬಂಗಾರ ನಮಗೊಂದು ತಿಂಗಳಿಗೆ ಸಾಕಿತ್ತು. ಅಂಥಾಕಿಗೆ ಶಹಬ್ಬಾಸ್ ಅಂತ, ನನಗ ಹೂಂ ಅಂತ.

ಪಕ್ಕದ ಮನಿ ಗುರುಬಸಮ್ಮ, ಮಿರ್ಚಿ ಕರದು ಮಾರಾಕಿ, ನನ್ನ ಮುಖ ನೋಡಿ ಕೇಳಿದ್ಲು. "ಯಾಕ ಸುಗ್ರಾಬಿ, ಮುಖ ಹಿಂಗ್ಯಾಕ ಊದಿಸಿಕೊಂಡೀದಿ?" ಹೇಳಿದೆ. ಅಕಿ ಹೊಟ್ಟಿ ಹಿಡಕೊಂಡು ನಕ್ಕಳು. "ಅಲ್ಲಬೇ, ಸವತಿ ಬಂದ್ರ ಜಗಳಾ ಮಾಡಬೋದು. ಟೀವಿ ಹೆಂಗಸಿನ ಕೂಡ ಹೆಂಗ ಜಗಳಾ ಮಾಡ್ತೀ? ಪ್ಲಗ್ ಕಿತ್ತು ಒಗಿ!"

"ಚಂದಕ್ಕಲ್ಲ ಗುರುಬಸಕ್ಕಾ" ಅಂದೆ. "ಅಕಿ ಚಂದ ಅದಾಳ ಅಂತ ಹೊಗಳಿದ್ರ ಹೊಗಳಲಿ, ಗಂಡಸರ ಬುದ್ಧಿ. ಅಕಿ ಕೈ ಹೊಗಳತಾರ. ಕೈ ನಂದೈತಿ." ಗುರುಬಸಮ್ಮನ ನಗು ಅಲ್ಲಿಗೆ ನಿಂತಿತು. ಎರಡು ಮಿರ್ಚಿ ನನ್ನ ಕೈಯಾಗಿಟ್ಲು.

ಆ ವರ್ಷ ಚಿದಾನಂದಪ್ಪ ಅನ್ನೋ ಪತ್ತಾರರು ತಮ್ಮ ಅಂಗಡಿ ಮಾರಿದ್ರು. ಅವರಪ್ಪನ ಕಾಲದಿಂದ ಅದ ಜಾಗದಾಗ ಕುಂತು ಬಂಗಾರ ಉಜ್ಜಿದ ಮನಿತನ. ಅದಿರಿನ ರೊಕ್ಕದವರು ಯಾರೋ ಅದನ್ನ ಕೆಡವಿ ದೊಡ್ಡ ಗಾಜಿನ ಶೋರೂಂ ಕಟ್ಟೋರಿದ್ರು. ಚಿದಾನಂದಪ್ಪನೋರು ಇವರನ್ನ ಕರೆದು, "ಶೇಕ್ಷಾ, ಅರವತ್ತು ವರ್ಷದ ನೆಲ ಇದು. ನಾಳೆ ಜೆಸಿಬಿ ಬರತೈತಿ. ಅದು ಬರೋದರೊಳಗ ಅಗದು ಒಯ್ಯಿ. ಬಂದದ್ದರಾಗ ಅರ್ಧ ನಿಂದು, ಅರ್ಧ ನಂದು" ಅಂದ್ರು. ನಮ್ಮ ಕಸುಬಿನವರಿಗೆ ಹಳೇ ಅಂಗಡಿ ನೆಲ ಸಿಗೋದು ಜನ್ಮಕ್ಕೊಂದು ಸರ್ತಿ. ಮೊಣಕಾಲು ಆಳ ಅಗದು, ಹದಿನಾಲ್ಕು ಚೀಲ ಮಣ್ಣು ತಂದ್ರು. ನಾ ಮರಿಗಿಗೆ ಎಣ್ಣಿ ಹಚ್ಚಿ ಬಿಸಿಲಿಗಿಟ್ಟೆ. ಈ ಮಣ್ಣಿನಿಂದ ತೆಗೆಯೋ ಬಂಗಾರ ನೋಡಿದ ಮ್ಯಾಲೆ ಈ ಮನುಷ್ಯ ಹೂಂ ಅಂತ ಹೆಂಗ ಅಂತಾರ ನೋಡೇಬಿಡತೀನಿ ಅಂತ ಕಾಯ್ದೆ.

ಇವರು ಏನು ಮಾಡಿದ್ರು ಗೊತ್ತೇನು? ತಗಡು ತಂದ್ರು. ಟೀವಿಯಾಗ ಆ ಮಂದಿ ಒಂದು ಉದ್ದನ್ನ ಜಾರೋ ಕಾಲಿವಿ ಮಾಡಿ, ಒಳಗ ಚಾಪಿ ಹಾಸಿ, ಮ್ಯಾಲಿಂದ ಮಣ್ಣು ನೀರು ಬಿಡತಿದ್ರು. ಮಣ್ಣು ಹರಕೊಂಡು ಹೋಗತೈತಿ, ಬಂಗಾರ ಚಾಪಿಯಾಗ ಸಿಗತೈತಿ. "ದೊರೆಸಾನಿ ಒಂದಿನದಾಗ ನೂರು ಚೀಲ ತೊಳೀತಾಳ. ನೀ ಎಷ್ಟು ದಿನ ಬಡಕೋತಿ?" ಅಂದ್ರು. ಅಂಥದ್ದ ತಗಡಿನ ಕಾಲಿವಿ ನಮ್ಮ ಅಂಗಳದಾಗ ಮಾಡಿದ್ರು. ಅದರಾಗ ಹಾಸಾಕ ಏನು ಕತ್ತರಿಸಿದ್ರು ಹೇಳ್ಲಿ? ನನ್ನ ತವರಿನ ಜಮಖಾನ. ನಮ್ಮವ್ವ ಮದುವ್ಯಾಗ ಕೊಟ್ಟಿದ್ದು.

ಕೆಂಪು ಧೂಳು ತುಂಬಿದ ಮಣ್ಣು ಚಾಪಿಯಾಗ ನಡಿಯೂದಿಲ್ಲ ಅಂತ ನನಗ ಚೆನ್ನಾಗಿ ಗೊತ್ತಿತ್ತು. ಹೇಳಬೇಕಾಗಿತ್ತು. ಹೇಳಲಿಲ್ಲ. ಹೋಗಲಿ, ಹಾಳಾಗಿ ಹೋಗಲಿ, ಅಕಿ ಬುದ್ಧಿ ಕೇಳಿದ್ದಕ್ಕ ತಕ್ಕ ಶಾಸ್ತಿ ಆಗಲಿ ಅಂತ ಹೊಸ್ತಿಲ ಮ್ಯಾಲೆ ಕುಂತು ಬಳ್ಳೊಳ್ಳಿ ಸುಲದೆ. ನನ್ನ ಹೊಟ್ಟಿ ಅಷ್ಟು ಉರೀತಿತ್ತು.

ಏಳು ಚೀಲ ಹರಿಸಿ ಜಮಖಾನ ಎತ್ತಿದ್ರು. ಅದಿರಿನ ಧೂಳು ರಾಗಿ ಅಂಬಲಿ ಹಂಗ ಅದಕ್ಕ ಮೆತ್ತಿಕೊಂಡಿತ್ತು. ಬಂಗಾರ ಸಿಗಾಕ ಜಾಗಾನ ಇಲ್ಲ, ಎಲ್ಲಾ ಮ್ಯಾಲಿಂದ ಜಾರಿ ನೀರಿನ ಕೂಡ ಅಂಗಳ ದಾಟಿ ಗಟಾರಕ್ಕ. ಜಮಖಾನ ಹಿಂಡಿ ತೊಳದ್ರ ಎಳ್ಳಿನಷ್ಟೂ ಬರಲಿಲ್ಲ. ಇವರು ಅಲ್ಲೇ ಕುಕ್ಕರಗಾಲಿಲೆ ಕುಂತ್ರು. "ಚಿದಾನಂದಪ್ಪಗ ಏನಂತ ಮುಖ ತೋರಿಸ್ಲಿ" ಅಂದ್ರು. ಮುಖ ಸುಣ್ಣದ ಗ್ವಾಡಿ ಆಗಿತ್ತು.

ಅದನ್ನ ನೋಡಿ ನನ್ನ ಸಿಟ್ಟು ಎಲ್ಲಿ ಹೋತೋ. ಸೀರಿ ಸೆರಗು ಕಟ್ಟಿ, ಗೋಣಿಚೀಲ ಒಯ್ದು ಗಟಾರಕ್ಕ ಅಡ್ಡ ಒಡ್ಡು ಹಾಕಿದೆ. ಊರ ಗಟಾರ ಬಾಚಿದವರು ಅವತ್ತು ನಮ್ಮ ಬಾಗಿಲ ಮುಂದಿನ ಗಟಾರ ಬಾಚಿದ್ವಿ. ಒಂಬತ್ತು ದಿನ ತೊಳದೆ. ಗಟಾರದ ಕೆಸರು, ಉಳಿದ ಏಳು ಚೀಲ, ಎಲ್ಲಾ. ಬೆರಳು ಸುಕ್ಕಾಗಿ ಬಿಳಿಚಿದ್ವು, ಕುತ್ತಿಗಿ ಹಿಡೀತು. ಇವರು ನೀರು ಸೇದಿ ಹಾಕಿದ್ರು. ಏಳು ಗಂಟೆಗೆ ಟೀವಿನೂ ಹಚ್ಚಲಿಲ್ಲ.

ಹತ್ತನೇ ದಿನ ಚಿದಾನಂದಪ್ಪನೋರು ಬಂದ್ರು. ಇವರು ಗಜ್ಜುಗದಷ್ಟು ಬಂಗಾರದ ಗುಂಡು ಮುಂದಿಟ್ರು. ಅವರು ಅಂಗೈಯಾಗಿಟ್ಟು ತೂಗಿದ್ರು, ಒರಿಗಲ್ಲಿಗೆ ತಿಕ್ಕಿದ್ರು, ಬೆರಗಾದ್ರು. "ಇಷ್ಟು ಅದಿರು ಕೂಡಿದ ಮಣ್ಣಾಗಿಂದ ಇಷ್ಟು ತೆಗದದ್ದು ಯಾರ ಕೈಯಪಾ ಶೇಕ್ಷಾ?"

ನಾ ಬಾಗಿಲ ಹಿಂದ ನಿಂತಿದ್ದೆ. ಇವರು ನೆಲ ನೋಡಿದ್ರು. "ಆತು ಬಿಡ್ರಿ ಅಪ್ಪಾರ, ಹೆಂಗೋ ಆತು" ಅಂದ್ರು.

ಚಿದಾನಂದಪ್ಪನೋರು ತಮ್ಮ ಅರ್ಧ ತಗೊಂಡು ಹೋದದ್ದ ತಡ, ನಾ ಮರಿಗಿ ಎತ್ತಿ ಅಂಗಳದಾಗ ಒಗದೆ. "ಹೆಂಗೋ ಆತೇನ್ರಿ? ಹೆಂಗೋ ಆತಾ? ಆ ಕೂದಲು ಕತ್ತರಿಸಾಕಿ ಒಂದು ಕಣ ಕಂಡ್ರ ಶಹಬ್ಬಾಸ್ ಅಂತೀರಿ. ಇಪ್ಪತ್ತು ವರ್ಷ ನಿಮ್ಮ ಮನಿ ಮಣ್ಣು ತೊಳದೀನಿ. ನನಗೊಂದು ಮಾತು ಅಂದ್ರ ನಿಮ್ಮ ನಾಲಿಗಿ ಸವೀತಿತ್ತೇನು?"

ಇವರು ಎದ್ದು ಹೋಗಿ ಮರಿಗಿ ಎತ್ತಿದ್ರು, ಮಣ್ಣು ಒರೆಸಿದ್ರು.

"ಸುಗ್ರಾ, ಆ ದೊರೆಸಾನಿ ಕೈ ಕೆಟ್ಟದ್ದು. ಮೊಣಕೈ ಎತ್ತತಾಳ."

"ಏನಂದ್ರಿ?"

"ನನಗಿಂತಾ ಕೆಟ್ಟದಾಗಿ ತೊಳೀತಾಳ. ಅದಕ್ಕ ಅಕಿನ್ನ ನೋಡಾಕ ಕುಂದರತಿದ್ದೆ. ಅಕಿಗೆ ಶಹಬ್ಬಾಸ್ ಅಂದ್ರ ನನ್ನ ಗಂಟೇನು ಹೋಗತೈತಿ? ನಿನಗಂದ್ರ ನನಗೇನು ಉಳೀತೈತಿ?" ಮರಿಗಿ ಅಂಚಿನ ಮ್ಯಾಲೆ ಬೆರಳಾಡಿಸಿದ್ರು. "ನಮ್ಮಪ್ಪ ಹತ್ತು ವರ್ಷ ಬಡದು ಕಲಿಸಿದ್ದನ್ನ ನೀ ಎರಡ ವರ್ಷದಾಗ ಕಲ್ತು ನನ್ನ ದಾಟಿ ಹೋದಿ. ನೋಡಾಕ ಆಗಲಿಲ್ಲ. ಹೊಟ್ಟಿಕಿಚ್ಚಿಗೆ ಸೊಂಟ ಅಂದೆ. ನನಗ ಯಾವ ಸೊಂಟ ನೋವೂ ಇಲ್ಲ."

ಇಪ್ಪತ್ತು ವರ್ಷ, ಪ್ರತಿ ಶುಕ್ರವಾರ, ಬಿಸಿ ಎಣ್ಣಿ! ಅಯ್ಯಯ್ಯೋ ನಿಮ್ಮ, ಅಂತ ಬಾಯಿಗೆ ಬಂದದ್ದೆಲ್ಲಾ ಬೈದೆ. ಬೈತಾ ಬೈತಾನ ಕಣ್ಣಾಗ ನೀರು ಬಂತು. ನಾ ಟೀವಿಯಾಕಿ ಮ್ಯಾಲೆ ಕುದೀತಿದ್ದೆ, ಇವರು ನನ್ನ ಮ್ಯಾಲೆ ಕುದೀತಿದ್ರು. ಒಂದ ಮನ್ಯಾಗ, ಒಂದ ಚಾಪಿ ಮ್ಯಾಲೆ.

ಮರುದಿನ ಬಜಾರದ ಕಸ ಬಂದಾಗ ನಾ ಮರಿಗಿ ಇವರ ಮುಂದಿಟ್ಟೆ. "ಸೊಂಟ ಚಲೋ ಐತಲ್ಲ, ತೊಳೀರಿ" ಅಂದೆ. ಕುಂತ್ರು. ಮರಿಗಿ ತಿರುಗಿಸಿದ್ರು. ನೀರು ಅಂಚಿಗೆ ಬಂತು, ಮೊಣಕೈ ಎದ್ದಿತು, ಒಂದು ಕಣ ಫಳ್ಳಂತ ಹೊಳೆದು ಕೆಳಗಿನ ಬೋಗಾಣಿಯ ಕೊಳಕು ನೀರಿಗೆ ಬಿತ್ತು. ಇವರಿಗೆ ಕಾಣಲಿಲ್ಲ, ನನಗ ಕಂಡಿತು. ತಲಿ ಎತ್ತಿ ನನ್ನ ನೋಡಿದ್ರು, ಸಾಲಿ ಹುಡುಗ ಪಾಟಿ ತೋರಿಸಿದಂಗ.

"ಶಹಬ್ಬಾಸ್" ಅಂದೆ.

ಇವರು ನಮಾಜಿಗೆ ಹೋದ ಮ್ಯಾಲೆ ಆ ಬೋಗಾಣಿ ತಳದ ಕೆಸರು ಮತ್ತ ತೊಳದೆ. ಕಣ ಸಿಕ್ಕಿತು. ಇವರಿಗೆ ತೋರಿಸಲಿಲ್ಲ.