ನಾಲ್ಕನೇ ಗಾಲಿ

ಗಡಹಿಂಗ್ಲಜದ ನಮ್ಮ ಮನೆಗೆ ಕಾರು ಬಂದದ್ದು ನಾನು ಸೊಸೆಯಾಗಿ ಹೋದ ಮರುವರ್ಷ, ಅರವತ್ತರ ದಶಕದ ನಡುವಿನಲ್ಲಿ. ಮಾವ ಬೆಲ್ಲದ ವ್ಯಾಪಾರಿ. ಕಾರು ನಡೆಸಲು ಒಬ್ಬ ಡ್ರೈವರ್, ಕೂರಲು ಗಂಡಸರು. ನನಗೋ ಅದನ್ನು ನಾನೇ ನಡೆಸಬೇಕೆಂಬ ಹಟ ಹತ್ತಿತು. ಯಾಕೆಂದು ಕೇಳಿದವರಿಗೆ ಆಗಲೂ ಉತ್ತರ ಕೊಡಲಿಲ್ಲ, ಈಗಲೂ ಕೊಡುವುದಿಲ್ಲ. ಗಂಡಸರನ್ನು ಯಾರೂ ಹಾಗೆ ಕೇಳುವುದಿಲ್ಲವಲ್ಲ!

ಒಂದು ದಿನ ಊಟಕ್ಕೆ ಬಡಿಸುತ್ತಾ ಮಾವನನ್ನು ಕೇಳಿಯೇ ಬಿಟ್ಟೆ. ಅವರು ನಕ್ಕರು.

“ಮೊದಲ ಆ ಗಾಲಿ ಬೆಳ್ಳಗ ಮಾಡವಾ. ಆಮ್ಯಾಲ ಕೀಲಿ ನಿನ್ನ ಕೈಯಾಗ ಕೊಡತೇನಿ.”

ಆಗದ ಕೆಲಸವೆಂದು ಗೊತ್ತಿದ್ದೇ ಆಡಿದ ಮಾತು. ಟೈರಿನ ನಡುವೆ ಹಾಲುಬಣ್ಣ ಬಳಿದ ತಗಡಿನ ಗಾಲಿಗಳು ಅವು. ಕೊಂಕಣಕ್ಕೆ ಘಾಟು ಇಳಿಯುವಾಗ ಡ್ರೈವರ್ ಬ್ರೇಕಿನ ಮೇಲಿಂದ ಕಾಲು ತೆಗೆಯುತ್ತಿರಲಿಲ್ಲ. ಬ್ರೇಕು ಸವೆದು ಉದುರಿದ ಕರಿಪುಡಿ ಎಣ್ಣೆಜಿಡ್ಡಿನೊಡನೆ ಕಾದು ಗಾಲಿಗೆ ಅಂಟಿ ಕೂತಿತ್ತು. ಸೀಮೆಎಣ್ಣೆ ಹಾಕಿ ತಿಕ್ಕಿ ತಿಕ್ಕಿ ಅವನೂ ಕೈಚೆಲ್ಲಿದ್ದ.

ಹಿತ್ತಾಳೆ ತಂಬಿಗೆಯಂತೆ ಬೆಳಗಿದರಾಯಿತು ಎಂದು ನಾನು ಹುಣಸೆಹಣ್ಣು, ಬೂದಿ ಹಿಡಿದು ಕೂತೆ. ಬಣ್ಣವೇ ಒಂದಿಷ್ಟು ಕಿತ್ತು ಬಂತು, ಕಪ್ಪು ಕದಲಲಿಲ್ಲ. ಕಟ್ಟೆಯ ಮೇಲಿನ ಗಂಡಸರಿಗೆ ಹೊಟ್ಟೆ ತುಂಬ ನಗು. ನಗಲಿ ಎಂದುಕೊಂಡೆ.

ನನ್ನ ತವರು ಇಚಲಕರಂಜಿಯ ಶಹಾಪುರ, ಮಗ್ಗದ ಮನೆ. ನೂಲಿಗೆ ಗಂಜಿ ಹಾಕುವುದನ್ನು ನೋಡುತ್ತಲೇ ಬೆಳೆದವಳು. ಸೀಮೆಎಣ್ಣೆ ಹಚ್ಚಿದ ಕೂಡಲೇ ಇಳಿದು ನೆಲಕ್ಕೆ ಹೋಗುತ್ತದೆ, ಗಂಜಿಯಾದರೆ ಹಿಡಿದುಕೊಂಡು ನಿಲ್ಲುತ್ತದೆ ಎಂದು ಹೊಳೆಯಿತು. ದಪ್ಪ ಗಂಜಿ ಕುದಿಸಿ, ಬಟ್ಟೆ ಒಗೆಯುವ ಸೋಡಾ ಕಲಸಿ, ಗಾಲಿಗೆ ಮೆತ್ತಿ, ಒದ್ದೆ ಗೋಣಿ ಹೊದಿಸಿದೆ. ಸಂಜೆ ಚಿಂದಿಯಿಂದ ಒರೆಸಿದರೆ ಗಂಜಿಯ ಜೊತೆಗೇ ಕಪ್ಪು ಎದ್ದು ಬಂತು. ಅಂಗೈ ಉರಿಯುತ್ತಿತ್ತು, ಆದರೂ ಕುಣಿಯುವಷ್ಟು ಖುಷಿಯಾಗಿತ್ತು.

ಮೂರು ಗಾಲಿ ಮುಗಿದಾಗ ಮಾವ ಬಂದು ಬಗ್ಗಿ ನೋಡಿದರು. “ಭಾಳ ಛಲೋ ಮಾಡಿ. ಇನ್ನ ಇದಕ್ಕ ಡ್ರೈವರ್ ಬ್ಯಾಡ, ವಾರಕ್ಕೊಮ್ಮೆ ನೀನ ತೊಳಿ.”

“ಕೀಲಿ?” ಎಂದೆ.

“ಚಾಷ್ಟಿಗೆ ಅಂದದ್ದ ಖರೇ ಅಂತ ಹಿಡ್ಕೊಂಡ್ಯಾ?”

ಮೈಯೆಲ್ಲ ಉರಿದುಹೋಯಿತು. ಚಿಂದಿಯನ್ನು ಬಕೆಟ್ಟಿಗೆ ಎಸೆದೆ. “ಹಂಗಾದ್ರ ನಾಕನೇದ್ದು ಹಿಂಗ ಇರ್ಲಿ ಬಿಡ್ರಿ, ಮಾವಾರ,” ಎಂದು ಒಳಗೆ ಹೋದೆ. ಅತ್ತೆ ಗದರಿದರು, ಗಂಡ ಕೈಮುಗಿದ. ನಾನು ಜಪ್ಪಯ್ಯ ಎಂದರೂ ಬಗ್ಗಲಿಲ್ಲ.

ಖಂಡೇನವಮಿ ಬಂತು. ಅಂದು ವಾಹನಗಳಿಗೆಲ್ಲ ಪೂಜೆ. ಕಾರಿಗೆ ಚೆಂಡುಹೂವಿನ ಮಾಲೆ, ನಾಲ್ಕೂ ಗಾಲಿಗೆ ವಿಭೂತಿ. ವಿಭೂತಿ ಎದ್ದು ಕಂಡದ್ದು ಕರೀ ಗಾಲಿಯ ಮೇಲೆ ಮಾತ್ರ! ಪೂಜೆಗೆ ಬಂದಿದ್ದ ಕೊಲ್ಹಾಪುರದ ಬೆಲ್ಲದ ದಲಾಲರು, “ಏಕ್ ಚಾಕ್ ಕಾಳಂ ಕಾ ಹೋ, ಶೇಠ್?” ಎಂದರು. ಒಂದೇ ಗಾಲಿ ಯಾಕೆ ಕಪ್ಪು ಎಂದು ಎಲ್ಲರೆದುರು ಕೇಳಿದ್ದರು. ಮಾವನ ಮುಖ ಇಂಗು ತಿಂದ ಮಂಗನಂತಾಯಿತು.

ಬಂದವರೆಲ್ಲ ಹೋದ ಮೇಲೆ ಮಾವ ಧೋತರ ಎತ್ತಿ ಕಟ್ಟಿ, ತಾವೇ ಸೀಮೆಎಣ್ಣೆ ಹಿಡಿದು ಕುಕ್ಕರುಗಾಲಲ್ಲಿ ಕೂತರು. ತಿಕ್ಕಿದರು, ಬೆವರಿದರು, ಡ್ರೈವರನಿಗೆ ಬೈದರು. ಕೊನೆಗೆ ತಲೆ ಎತ್ತದೆ ಕೇಳಿದರು.

“ಗಂಜಿ ಐತೇನ?”

“ಕುದಿಸಿ ಕೊಡತೇನ್ರಿ. ಮೊದಲ ಕೀಲಿ ಕೊಡ್ರಿ.”

ಅವರು ಕೀಲಿಯನ್ನು ನನ್ನ ಕಾಲ ಬಳಿ ಒಗೆದರು. ಒಗೆದದ್ದಕ್ಕೆ ನಾನೇನೂ ಬೇಸರಪಡಲಿಲ್ಲ. ಬಗ್ಗಿ ಎತ್ತಿಕೊಂಡೆ. ಆಮೇಲೆ ಗಂಜಿಯನ್ನೂ ಕೊಟ್ಟೆ, ಮೆತ್ತಿದ್ದು ಅವರೇ.

ಮರುವಾರ ಮುರಗೂಡದ ರಸ್ತೆಯಲ್ಲಿ ನಾನು ಸ್ಟಿಯರಿಂಗ್ ಹಿಡಿದಿದ್ದೆ, ಡ್ರೈವರ್ ಪಕ್ಕದಲ್ಲಿ ಜೀವ ಬಿಗಿಹಿಡಿದು ಕೂತಿದ್ದ. ಎತ್ತಿನ ಗಾಡಿ ಕಂಡರೆ ಬ್ರೇಕು, ಎಮ್ಮೆ ಕಂಡರೆ ಬ್ರೇಕು.

“ಸಾಕ್ರಿ ವೈನಿ, ಗಾಲಿ ಮತ್ತ ಕರ್ರಗ ಆಗ್ತಾವ,” ಎಂದ.

ಆಗಲಿ ಎಂದು ಇನ್ನೊಮ್ಮೆ ಒತ್ತಿದೆ. ಈ ಸಲದ ಕಪ್ಪು ನನ್ನ ಕಾಲಿನದು.