ಹನ್ನೆರಡನೇ ಡೇರೆ

ಎರಡನೇ ಇಯತ್ತೆಯಲ್ಲಿದ್ದಾಗ, ಅಂದರೆ ೧೯೯೩ರಲ್ಲಿ, ಪುಣೆಯ ನಮ್ಮ ಮರಾಠಿ ಶಾಲೆಯಲ್ಲಿ ‘ಮಾಝೀ ಆಯಿ’ ಎಂಬ ವಿಷಯದ ಮೇಲೆ ಹತ್ತು ಸಾಲು ಬರೆಯಲು ಹೇಳಿದರು. ನಾನು ಬರೆದೆ: ನನ್ನ ಆಯಿಗೆ ಹಲ್ಲಿಲ್ಲ. ಅವಳ ಕೂದಲು ಬೆಳ್ಳಗಿದೆ. ಅವಳು ನನ್ನ ಅಪ್ಪನಿಗೆ ಬಯ್ಯುತ್ತಾಳೆ. ಪಾಠ ಹೇಳುವ ಬಾಯಿಯವರು ಅದನ್ನು ಗಟ್ಟಿಯಾಗಿ ಓದಿದಾಗ ಇಡೀ ವರ್ಗ ನಕ್ಕಿತು. ಮರಾಠಿಯಲ್ಲಿ ಆಯಿ ಎಂದರೆ ತಾಯಿ. ಬೈಲಹೊಂಗಲದ ಕಡೆಯಿಂದ ಬಂದ ನಮ್ಮ ಮನೆಯಲ್ಲಿ ತಾಯಿ ಅವ್ವ, ಅಪ್ಪನ ತಾಯಿ ಆಯಿ. ಅವತ್ತಿನಿಂದ ಹೊಸ್ತಿಲು ದಾಟಿದ ಕೂಡಲೇ ಆಯಿಯನ್ನು ಮರಾಠಿಯ ಅಜ್ಜಿ, ‘ಆಜಿ’ ಮಾಡುವುದನ್ನು ಕಲಿತೆ. ಹನ್ನೆರಡು ವರ್ಷ ಒಮ್ಮೆಯೂ ನಾಲಿಗೆ ತಪ್ಪಲಿಲ್ಲ. ತಪ್ಪಿದ್ದು ೨೦೦೫ರ ಫೆಬ್ರುವರಿ ಹನ್ನೆರಡನೇ ತಾರೀಖು, ಶನಿವಾರ, ಸಂಜೆ ನಾಲ್ಕು ಇಪ್ಪತ್ತೈದಕ್ಕೆ. ವೇಳೆ ಖಾತ್ರಿಯಾಗಿ ಗೊತ್ತು, ಏಕೆಂದರೆ ಬರೆದಿಟ್ಟಿದ್ದೇನೆ.

ಬರೆದಿಡುವುದು ನನಗೆ ಎಂಟನೇ ಇಯತ್ತೆಯಿಂದ ಹತ್ತಿದ ಚಟ. ಮಳೆ ಬಂದ ದಿನಗಳು, ಬಸ್ಸು ತಪ್ಪಿದ ದಿನಗಳು, ಅಪ್ಪ ನಕ್ಕ ದಿನಗಳು, ಎಲ್ಲಕ್ಕೂ ತಾರೀಖು ಇತ್ತು. ಹಿಂದಿನ ದೀಪಾವಳಿಯ ಹೊತ್ತಿಗೆ ಆಯಿಗೆ ಮರೆವು ಶುರುವಾಗಿ, ಡಾಕ್ಟರರು ಒಂದು ನೋಟಬುಕ್ಕಿನಲ್ಲಿ ದಿನದಿನದ ಲೆಕ್ಕ ಇಡಲು ಹೇಳಿದಾಗ ಆ ಕೆಲಸ ನನಗೆ ಬಂತು. ನಾನೂ ಆಯಿಯೂ ಒಂದೇ ಕೋಣೆಯಲ್ಲಿ ಮಲಗುತ್ತಿದ್ದೆವು. ನವೆಂಬರ್ ಹದಿನೈದಕ್ಕೆ ಆರಂಭಿಸಿದೆ. ಮೂರು ಕಾಲಂ ಹಾಕಿದೆ. ಮೊದಲನೆಯದು ‘ಮರೆತದ್ದು’. ಎರಡನೆಯದು ‘ನೆನಪಿಟ್ಟದ್ದು’, ಅದನ್ನು ಡಾಕ್ಟರರು ಕೇಳಿರಲಿಲ್ಲ, ನಾನೇ ಸೇರಿಸಿದೆ. ಮೂರನೆಯದು ‘ತಾನೇ ಹೊರಗೆ ಹೋದದ್ದು’. ಮೂರನೇ ಕಾಲಂನಲ್ಲಿ ಎಂಬತ್ತೊಂಬತ್ತು ದಿನ ಸೊನ್ನೆ ಇತ್ತು. ಪ್ರತಿ ರಾತ್ರಿ ಆ ಸೊನ್ನೆಯನ್ನು ದುಂಡಗೆ ಬರೆಯುವಾಗ ನನಗೆ ಸಮಾಧಾನವಾಗುತ್ತಿತ್ತು.

ಚಾಕಣದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದ ನನ್ನ ಕಾಕಾ, ಅಪ್ಪನ ತಮ್ಮ, ಜನವರಿಯಲ್ಲಿ ಮನೆಗೆ ಬಂದು, ಸಾಸವಡದ ಹತ್ತಿರ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಮನೆ ಇದೆ, ಅಲ್ಲಿ ಒಂದು ಹಾಸಿಗೆ ಖಾಲಿಯಾಗಿದೆ ಎಂದ. ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಕಾಕಾ ಎರಡು ಸಲ ಆ ಮನೆಯವರಿಂದ ಉತ್ತರ ಕೊಡಲು ವಾಯಿದೆ ಕೇಳಿದ. ಕೊನೆಯ ವಾಯಿದೆ ಫೆಬ್ರುವರಿ ಹದಿನಾಲ್ಕು, ಸೋಮವಾರ. ಆಗ ಅವನೇ ಒಂದು ದಾರಿ ಹುಡುಕಿದ. ನೋಟಬುಕ್ ನೋಡಿ ತೀರ್ಮಾನ ಮಾಡೋಣ ಎಂದ.

“ಮರೆಯೋದು ಯಾರರೆ ಮರೀತಾರ, ಅಣ್ಣಾ. ಆದ್ರ ಒಮ್ಮೆ ತಾನ ಎದ್ದು ಹೊಂಟಳಂದ್ರ ಮುಂದ ಮಾತಿಲ್ಲ. ಇದು ಪುಣೆ. ರಸ್ತಾ ದಾಟಾಕ ನಮಗ ಹೆದರಿಕಿ ಬರ್ತದ.”

ಅಪ್ಪ ಒಪ್ಪಿದ. ಅವತ್ತಿನಿಂದ ನನಗೆ ನನ್ನ ನೋಟಬುಕ್ಕಿನದೇ ಹೆದರಿಕೆಯಾಯಿತು.

ಮನೆಯಲ್ಲಿ ಈ ಮಾತು ಆಡುವಂತಿರಲಿಲ್ಲ. ಎರಡು ಕೋಣೆ, ಆಯಿಯ ಕಿವಿ ಚುರುಕು. ಅದಕ್ಕೇ ಕಾಕಾ ಈ ಡೇರೆಗಳ ಏರ್ಪಾಟು ಮಾಡಿದ್ದು. ಲೋಣಾವಳಾ ದಾಟಿ, ಗುಡ್ಡಗಳ ನಡುವೆ ಒಂದು ಅಣೆಕಟ್ಟಿನ ಹಿನ್ನೀರು, ಅದರ ದಂಡೆಯ ಕಾಡಿನಲ್ಲಿ ಯಾರೋ ಹೊಸದಾಗಿ ಡೇರೆ ಹಾಕಿದ್ದರು. ಆರಾಮಾಗಿ ಎರಡು ದಿನ ಇದ್ದು ಬರೋಣ ಎಂದ. ಕಾಕಾನ ಹೆಂಡತಿ ಕಾಕು ಬರಲಿಲ್ಲ, ಅವಳ ಮಗಳ ಪರೀಕ್ಷೆ ಇತ್ತು. ನಾವು ಐವರು: ಅಪ್ಪ, ಅವ್ವ, ಕಾಕಾ, ಆಯಿ, ನಾನು. ಲೋಣಾವಳಾದಲ್ಲಿ ಇಳಿದು ಚಿಕ್ಕಿ ಕೊಂಡೆವು. ಆಯಿ ಹಲ್ಲಿಲ್ಲದ ಬಾಯಲ್ಲಿ ಒಂದು ತುಂಡು ಇಟ್ಟುಕೊಂಡು ಮುಕ್ಕಾಲು ತಾಸು ಚೀಪಿದಳು. ಶೇಂಗಾ ಉಗುಳಿ ನನ್ನ ಅಂಗೈಯಲ್ಲಿ ಹಾಕಿದಳು. ಎರಡನೇ ಕಾಲಂನಲ್ಲಿ ಬರೆದೆ: ‘ಚಿಕ್ಕಿಯ ಬೆಲ್ಲ ಬೈಲಹೊಂಗಲದ ಬೆಲ್ಲದಷ್ಟು ಚಲೋ ಇಲ್ಲ ಎಂದಳು.’

ಡೇರೆ ಅಂದರೆ ನಾನು ಮದುವೆ ಮಂಟಪದ್ದೋ ಸರ್ಕಸ್ಸಿನದ್ದೋ ಎಂದುಕೊಂಡಿದ್ದೆ. ಇದು ಬೇರೆ. ಒಳಗೆ ಎರಡು ಮಂಚ, ದಪ್ಪ ಗಾದಿ, ಇಸ್ತ್ರಿ ಮಾಡಿದ ಚಾದರ. ಕನ್ನಡಿಯಿದ್ದ ಪುಟ್ಟ ಮೇಜು. ನೆಲಕ್ಕೆ ಜಮಖಾನೆ, ಕಂಬಕ್ಕೆ ಬಲ್ಬು. ಹಿಂದೆ ಜಿಪ್ ಎಳೆದರೆ ಬಚ್ಚಲು. ಬಾಗಿಲಿನ ಮುಂದೆ ಬೆತ್ತದ ಕುರ್ಚಿಗಳು, ಅವುಗಳ ಎದುರು ಮರಗಳ ಸಂದಿಯಿಂದ ಕೆರೆಯಂತೆ ಕಾಣುವ ಹಿನ್ನೀರು. ಒಟ್ಟು ಹನ್ನೆರಡು ಡೇರೆ, ಒಂದರಿಂದ ಒಂದಕ್ಕೆ ಹತ್ತಿಪ್ಪತ್ತು ಹೆಜ್ಜೆ. ಅವ್ವ ಪಕ್ಕದ, ಅವಳಿಗೂ ಅಪ್ಪನಿಗೂ ಕೊಟ್ಟಿದ್ದ ಡೇರೆಯಲ್ಲಿ ಮಂಚದ ಮೇಲೆ ಕುಳಿತು ಗಾದಿಯನ್ನು ಎರಡು ಸಲ ಒತ್ತಿ ನೋಡಿ, ಹಾಗೇ ಅಡ್ಡಾದಳು. ಊಟಕ್ಕೂ ಏಳಲಿಲ್ಲ.

ಆಯಿಗೆ ಮಾತ್ರ ಬಂದ ಗಳಿಗೆಯಿಂದ ನೆಮ್ಮದಿ ಇರಲಿಲ್ಲ. ಡೇರೆಯ ಬಟ್ಟೆಯ ಗೋಡೆಯನ್ನು ಬೆರಳಿನಿಂದ ತಿಕ್ಕಿ ನೋಡಿದಳು. ಹೊರಗೆ ಬಂದು ಬೇರೆ ಡೇರೆಗಳನ್ನು ನೋಡಿದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಕೇಳಿದಳು, “ಯಾರಿಗೆ ಬಂದದ?”

ಏನು ಬಂದದ, ಆಯಿ, ಎಂದೆ. ಮಧ್ಯಾಹ್ನದಿಂದ ನಾಲ್ಕರ ತನಕ ಆರು ಸಲ ಅದನ್ನೇ ಕೇಳಿದಳು. ಆರು ಗೀರು ಮೊದಲನೇ ಕಾಲಂಗೆ ಹೋದವು.

ಚಹಾ ಆದ ಮೇಲೆ ಅಪ್ಪ ಮತ್ತು ಕಾಕಾ ಮಾತಾಡಲು ಕೆರೆಯ ದಂಡೆಗುಂಟ ಹೋದರು. ಆಯಿಯನ್ನು ನೋಡಿಕೊಳ್ಳುವುದು ನನ್ನ ಪಾಳಿ. ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಶಾಲು ಹೊದಿಸಿ, ನೋಟಬುಕ್ ತರಲು ಒಳಗೆ ಹೋದೆ. ಒಳಗೆ ಹೋದವಳು ಅಲ್ಲೇ ಮೇಜಿನ ಮುಂದೆ ಕುಳಿತು ಬರೆಯತೊಡಗಿದೆ. ಆರು ಸಲ ಕೇಳಿದ್ದನ್ನು ಯಾವ ಯಾವ ವೇಳೆಗೆ ಎಂದು ಬೇರೆ ಬೇರೆ ಬರೆದೆ. ಆಯಿಯ ಮರೆವಿನ ಬಗ್ಗೆ ಅಷ್ಟು ಅಚ್ಚುಕಟ್ಟಾಗಿ ಬರೆಯುತ್ತಿದ್ದಾಗ ಆಯಿ ಎದ್ದು ಹೋದಳು. ಹೊರಗೆ ಬಂದಾಗ ಕುರ್ಚಿಯ ಮೇಲೆ ಶಾಲು ಮಾತ್ರ ಇತ್ತು.

ನೀರಿನ ಕಡೆ ಓಡಿದೆ. ಅಲ್ಲಿ ಯಾರೂ ಇರಲಿಲ್ಲ. ತಿರುಗಿ ಬರುವಾಗ ಕ್ಯಾಂಪಿನ ಮ್ಯಾನೇಜರ್ ಎದುರಾದ. ಆಯಿಯನ್ನು ಕಂಡಿರಾ ಎಂದು ಕೇಳಿದೆ. ಬಾಯಿಂದ ಮರಾಠಿ ಬಂತು, ಆದರೆ ಮನೆಯ ಶಬ್ದ ಅದರಲ್ಲಿ ಸೇರಿಕೊಂಡಿತ್ತು.

“ಆಯಿ ದಿಸಲೀ ಕಾ? ಮಾಝೀ ಆಯಿ?”

ಅವನು ನಕ್ಕ. ಆಯಿ ಆಗಲೇ ಅಡುಗೆ ಡೇರೆಯಲ್ಲಿದ್ದಾರೆ, ನಮ್ಮ ಅಡುಗೆಯವನಿಗೆ ಭಕ್ಕರಿ ಬಡಿಯುವುದನ್ನು ಕಲಿಸುತ್ತಿದ್ದಾರೆ, ನೀವು ಆರಾಮಾಗಿ ಕೂಡ್ರಿ ಎಂದು ಮರಾಠಿಯಲ್ಲಿ ಹೇಳಿದ.

ನಾನು ನಂಬಿದೆ. ನಂಬಲು ಕಾರಣವೂ ಇತ್ತು. ಜೋಳದ ಹಿಟ್ಟಿನ ವಾಸನೆ ಬಂದ ಕಡೆ ಹೋಗುವವಳೇ ಆಯಿ. ಜೀವ ತಣ್ಣಗಾಯಿತು. ಕೈಗಡಿಯಾರ ನೋಡಿ ಬರೆದೆ: ‘೪.೨೫. ಆಯಿ ಅಡುಗೆ ಡೇರೆಯಲ್ಲಿ.’ ಮೂರನೇ ಕಾಲಂ ಖಾಲಿ ಬಿಟ್ಟೆ. ಕುರ್ಚಿಯಲ್ಲಿ ಕುಳಿತು ಕೆರೆ ನೋಡಿದೆ. ಆ ದಿನ ಕೆರೆಯನ್ನು ನಾನು ಸರಿಯಾಗಿ ನೋಡಿದ್ದು ಆಗ ಮಾತ್ರ.

ನಾಲ್ಕು ಐವತ್ತಕ್ಕೆ ಅವ್ವ ಒಬ್ಬಳೇ ಬಂದಳು. ಕೈಗೆ ಹಿಟ್ಟು ಮೆತ್ತಿತ್ತು, ತಾಟಿನಲ್ಲಿ ಆಯಿಗೆಂದು ಮಾಡಿಸಿದ ತೆಳ್ಳಗಿನ ಭಕ್ಕರಿ, ಹಾಲಿನಲ್ಲಿ ನೆನೆಹಾಕಿದ್ದು. ನಾನು ಅವಳು ಇನ್ನೂ ಮಲಗಿದ್ದಾಳೆ ಎಂದುಕೊಂಡಿದ್ದೆ. ಅವಳು ಆಯಿ ನನ್ನ ಜೊತೆಗಿದ್ದಾಳೆ ಎಂದುಕೊಂಡಿದ್ದಳು. ಇಬ್ಬರೂ ಒಟ್ಟಿಗೇ ಕೇಳಿದೆವು, “ಆಯಿ ಎಲ್ಲಿ?”

ಮ್ಯಾನೇಜರನದು ಏನೂ ತಪ್ಪಿಲ್ಲ. ಅವನು ನನ್ನ ತಾಯಿಯನ್ನು ಸರಿಯಾಗಿಯೇ ತೋರಿಸಿದ್ದ.

ಅಪ್ಪನೂ ಕಾಕಾನೂ ಓಡಿ ಬಂದರು. ಡೇರೆಯಿಂದ ಡೇರೆಗೆ ಕೇಳುತ್ತ ಹೋದೆವು. ಈಗ ನಾನು ‘ಆಜಿ’ ಎಂದೇ ಕೇಳಿದೆ. ಎಲ್ಲ ಕಡೆಯೂ ಆಯಿ ಬಂದು ಹೋಗಿದ್ದಳು. ಬಾಗಿಲಲ್ಲಿ ನಿಂತು ಏನೋ ಕೇಳಿದಳು, ಭಾಷೆ ತಿಳಿಯಲಿಲ್ಲ, ನಾವು ಹೂಂ ಅಂದೆವು, ಮುಂದೆ ಹೋದಳು ಎಂದರು. ಮುಂಬಯಿಯಿಂದ ಬಂದಿದ್ದ ಒಂದು ಗುಂಪು ಅವಳನ್ನು ಕ್ಯಾಂಪಿನ ಅಜ್ಜಿ ಎಂದು ತಿಳಿದು ಮೂರು ಬಿಸ್ಕೀಟು ಕೊಟ್ಟು, ಇನ್ನೊಂದು ಕೊಡ ಬಿಸಿನೀರು ಕಳಿಸಿ ಎಂದು ಹೇಳಿ ಕಳಿಸಿತ್ತು.

ಹನ್ನೆರಡನೇ ಡೇರೆ ಎಲ್ಲಕ್ಕಿಂತ ಹಿಂದೆ, ಮರಗಳ ದಟ್ಟಣೆಯಲ್ಲಿ ಇತ್ತು. ಅದನ್ನು ಇನ್ನೂ ಯಾರಿಗೂ ಕೊಟ್ಟಿರಲಿಲ್ಲ. ಅದರ ಮುಂದೆ ನೆಲದ ಮೇಲೆ ಆಯಿ ಕುಳಿತಿದ್ದಳು, ಸೆರಗಿನ ತುದಿಯಲ್ಲಿ ಬಿಸ್ಕೀಟು ಕಟ್ಟಿಕೊಂಡು. ಕಾಲಿನ ಬೆರಳಿಗೆ ಕಲ್ಲು ತಾಗಿ ರಕ್ತ ಒಣಗಿತ್ತು. ಅಳುತ್ತಿದ್ದಳು. ಗಂಟೆ ಐದು ಹತ್ತು.

“ಹನ್ನೊಂದು ಮನಿ ಆರಾಮ ಅದಾವ,” ಎಂದಳು ಅಪ್ಪನಿಗೆ. “ಇದೊಂದ ಮನಿ ಮಾತಾಡವಲ್ದು.”

ಕಾಕಾ ಬಗ್ಗಿ ಅವಳ ರಟ್ಟೆ ಹಿಡಿದ. ಇದು ಖಾಲಿ ಡೇರೆ, ಇಲ್ಲಿ ಯಾರೂ ಇಲ್ಲ ಎಂದ. ಯಾರೂ ಇಲ್ಲ ಎಂಬ ಮಾತು ಕೇಳಿದ್ದೇ ಆಯಿಯ ಅಳು ಜೋರಾಯಿತು. ಅವನ ಕೈ ಕೊಡವಿ ನೆಲವನ್ನು ಹಿಡಿದುಕೊಂಡಳು. ಕೂಗಿದಳು, “ಎದ್ದೀರೇನ್ರಿ?”

ಆಗ ಅಪ್ಪ ಡೇರೆಯ ಹಿಂದಕ್ಕೆ ಹೋದ. ಬಚ್ಚಲಿನ ಜಿಪ್ ಎಳೆದ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅವನ ದನಿ, ಬೇರೆ ಯಾರದೋ ದನಿಯಂತೆ ದಪ್ಪ ಮಾಡಿಕೊಂಡು, ಬಂತು.

“ಎದ್ದೀವ್ರಿ. ಎಲ್ಲಾರೂ ಆರಾಮ ಅದೀವ್ರಿ.”

ಆಯಿ ಕಣ್ಣು ಒರೆಸಿಕೊಂಡಳು. ನನ್ನ ಭುಜ ಹಿಡಿದು ಎದ್ದಳು.

ದಾರಿಯಲ್ಲಿ ಅಪ್ಪ ನನಗೆ ಹೇಳಿದ. ಆಯಿ ಏಳೆಂಟು ವರ್ಷದವಳಿದ್ದಾಗ ಊರಿಗೆ ಪ್ಲೇಗ್ ಬಂದಿತ್ತಂತೆ. ಇಲಿ ಸತ್ತು ಬಿದ್ದ ಕೂಡಲೇ ಎಲ್ಲರೂ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು, ಡೇರೆ ಹಾಕಿಕೊಂಡು ಇದ್ದರಂತೆ. ದಿನಾ ಮುಂಜಾನೆ ಆಯಿಯ ತಾಯಿ ಬಾಗಿಲು ಬಾಗಿಲಿಗೆ ಹೋಗಿ ಎದ್ದೀರೇನ್ರಿ ಎಂದು ಕೇಳುತ್ತಿದ್ದಳು. ಉತ್ತರ ಬರದ ಬಾಗಿಲಿನ ಮುಂದೆ ಕಲ್ಲು ಇಡುತ್ತಿದ್ದಳು. ಒಂದು ಮುಂಜಾನೆ ಅವಳೇ ಏಳಲಿಲ್ಲ.

ಇದನ್ನು ನನಗೆ ಯಾರೂ ಯಾಕೆ ಹೇಳಿರಲಿಲ್ಲ ಎಂದು ಕೇಳಿದೆ. ನೀ ಕೇಳಿರಲಿಲ್ಲ ಎಂದ ಅಪ್ಪ.

ಡೇರೆಗೆ ಬಂದು ಮೊದಲು ಮಾಡಿದ ಕೆಲಸ, ಆ ಆರು ಗೀರುಗಳನ್ನು ಹೊಡೆದುಹಾಕಿ ಎರಡನೇ ಕಾಲಂಗೆ ಬರೆದದ್ದು. ಅದು ಮರೆವಾಗಿರಲಿಲ್ಲ. ಆಮೇಲೆ ಮೂರನೇ ಕಾಲಂ. ಅಲ್ಲಿ ಪೆನ್ನು ನಿಂತಿತು. ಡೇರೆ ಮನೆಯಲ್ಲ, ಆದ್ದರಿಂದ ಇದು ‘ಹೊರಗೆ ಹೋದದ್ದು’ ಅಲ್ಲ ಎಂದು ಬರೆಯಬಹುದಿತ್ತು. ನಾಲ್ಕು ಇಪ್ಪತ್ತೈದಕ್ಕೇ ನಾನು ಸರಿಯಾದ ಶಬ್ದ ಹೇಳಿದ್ದರೆ ಅವಳು ಮೂರನೇ ಡೇರೆಯ ಹತ್ತಿರವೇ ಸಿಗುತ್ತಿದ್ದಳು, ಕಾಲಿಗೆ ರಕ್ತ ಬರುತ್ತಿರಲಿಲ್ಲ, ಎಲ್ಲರೂ ಅದನ್ನು ತಿರುಗಾಟ ಎನ್ನುತ್ತಿದ್ದರು. ಇದನ್ನೆಲ್ಲ ಯೋಚಿಸಿದೆ. ಕೊನೆಗೆ ‘೧’ ಎಂದು ಬರೆದೆ. ಪಕ್ಕದಲ್ಲಿ, ‘ಇಪ್ಪತ್ತೈದು ನಿಮಿಷ ನನ್ನ ತಪ್ಪಿನಿಂದ’ ಎಂದೂ ಬರೆದೆ.

ಕಾಕಾ ದೀಪ ಹಚ್ಚುವ ಹೊತ್ತಿಗೆ ನೋಟಬುಕ್ ಕೇಳಿದ. ಬಲ್ಬಿನ ಕೆಳಗೆ ನಿಂತು ಓದಿದ. ತೊಂಬತ್ತು ದಿನಗಳ ಪುಟಗಳನ್ನು ಒಂದೂ ಬಿಡದೆ ತಿರುವಿದ. ಅದಕ್ಕಾಗಿ ಅವನ ಮೇಲೆ ನನಗೆ ಇವತ್ತಿಗೂ ಗೌರವವಿದೆ. ಆಯಿ ಮಲಗಿದ್ದಳು. ಕಾಕಾ ಏನೂ ಹೇಳುವ ಮೊದಲೇ ನಾನು ವಾದ ಶುರುಮಾಡಿದೆ. ತಪ್ಪು ನನ್ನದು, ಅವಳದಲ್ಲ. ಅವಳಿಗೆ ಎಲ್ಲವೂ ನೆನಪಿತ್ತು, ಹನ್ನೊಂದು ಡೇರೆ ಎಣಿಸಿದ್ದಾಳೆ, ಸರಿಯಾಗಿ ಎಣಿಸಿದ್ದಾಳೆ ಎಂದೆ. ಅಪ್ಪ ತಲೆ ಎತ್ತಿ ನನ್ನ ಕಡೆ ನೋಡಿದ. ಅವನು ನನ್ನ ಪರ ಆಗುತ್ತಿದ್ದ ಎಂದೇ ನನಗೆ ಅನ್ನಿಸಿತು.

ಮಾತಾಡಿದ್ದು ಅವ್ವ, ಮನೆಯವರೆಲ್ಲ ಕರೆಯುವಂತೆ ನನ್ನನ್ನು ‘ತಂಗಿ’ ಎಂದು ಕರೆದು. ಮಂಚದ ಅಂಚಿನಲ್ಲಿ ಕುಳಿತು ಉಗುರಿನಲ್ಲಿ ಸೇರಿದ್ದ ಹಿಟ್ಟು ತೆಗೆಯುತ್ತಿದ್ದಳು.

“ತಂಗಿ, ನನ್ನ ನಿದ್ದಿ ಯಾವ ಕಾಲಂದಾಗ ಬರದೀ?”

ಸಿಟ್ಟಿನಿಂದ ಹೇಳಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು. ಎಂಬತ್ತೊಂಬತ್ತು ರಾತ್ರಿ, ನಾನು ಸೊನ್ನೆ ಬರೆದು ಮಲಗಿದ ಮೇಲೆ, ಬಾಗಿಲಿಗೆ ಅಡ್ಡವಾಗಿ ಚಾಪೆ ಹಾಸಿ ಮಲಗುತ್ತಿದ್ದವಳು ಅವ್ವ. ಆ ಸೊನ್ನೆಗಳು ಅವಳವು. ನನ್ನ ನೋಟಬುಕ್ಕಿನಲ್ಲಿ ಅವಳ ಹೆಸರಿಗೆ ಒಂದು ಗೀರೂ ಇರಲಿಲ್ಲ.

ಅಪ್ಪ ಎದ್ದು ಹೊರಗೆ ಹೋದ. ಸೋಮವಾರ ಕಾಕಾ ಸಾಸವಡಕ್ಕೆ ಫೋನ್ ಮಾಡಿ ಒಪ್ಪಿಗೆ ಹೇಳಿದ.

ಮಾರ್ಚ್ ಆರು, ಭಾನುವಾರ ಆಯಿಯನ್ನು ಕರೆದುಕೊಂಡು ಹೋದೆವು. ಜಾಗ ಸ್ವಚ್ಛವಾಗಿತ್ತು. ಉದ್ದನೆಯ ಕೋಣೆ, ಸಾಲಾಗಿ ಎಂಟು ಮಂಚ, ಎಂಟು ಪುಟ್ಟ ಕಪಾಟು. ನೋಡಿಕೊಳ್ಳುವ ಹೆಂಗಸು ಅಪ್ಪನನ್ನು ಕೇಳಿದಳು, “ತುಮಚೀ ಆಯಿ ಕಾ?” ನಿಮ್ಮ ತಾಯಿಯೇ ಎಂದು. ಅಪ್ಪ ‘ಹೋ’, ಹೌದು ಎಂದ. ಅವನ ಮಟ್ಟಿಗೆ ಆ ಶಬ್ದ ಸರಿಯಾಗಿಯೇ ಇತ್ತು. ಸಹಿ ಮಾಡಲು ಅವನನ್ನು ಆಚೆ ಕರೆದುಕೊಂಡು ಹೋದರು. ಅವ್ವ ಆ ಹೆಂಗಸಿಗೆ ಆಯಿಯ ಔಷಧಿಯ ವೇಳೆಗಳನ್ನು ಎರಡೆರಡು ಸಲ ಹೇಳುತ್ತಿದ್ದಳು.

ಆಯಿ ಮಂಚಗಳ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಂದಳು.

“ಯಾರಿಗೆ ಬಂದದ, ತಂಗಿ?”

ಈ ಸಲ ನನಗೆ ಉತ್ತರ ಗೊತ್ತಿತ್ತು. ಯಾರಿಗೂ ಬಂದಿಲ್ಲ ಆಯಿ, ಎಲ್ಲಾರೂ ಆರಾಮ ಅದೀವಿ ಎಂದೆ.

ಅವಳು ಮತ್ತೊಮ್ಮೆ ಮಂಚಗಳ ಕಡೆ ನೋಡಿದಳು.

“ಹಂಗಾದ್ರ ನನ್ನ ಒಬ್ಬಾಕಿನ್ನ ಯಾಕ ಊರ ಹೊರಗ ತಂದ್ರಿ?”

ನಾನು ಟ್ರಂಕ್ ತೆರೆದು ಅವಳ ಸೀರೆಗಳನ್ನು ಕಪಾಟಿನಲ್ಲಿ ಇಡತೊಡಗಿದೆ. ಐದು ಇದ್ದವು. ಹೊರಗೆ ತೆಗೆದು ಮತ್ತೆ ಎಣಿಸಿದೆ.