ಅಪ್ಪ ವಿಚಾರಿಸಲು ಹೋದ ವ್ಯಾಯಾಮಶಾಲೆ

ನನ್ನನ್ನು ನೋಡಲು ಬಂದ ಹುಡುಗ ಕೇಸರಿಬಾತು ಬೇಡವೆಂದ. ಬಜ್ಜಿಯ ತಟ್ಟೆಯನ್ನೂ ಮೆಲ್ಲಗೆ ಆಚೆ ಸರಿಸಿದ. ಎಪ್ಪತ್ತರ ದಶಕದ ನಡುವಿನ ಮಾತು. ರಾಜಾಜಿನಗರದ ನಮ್ಮ ಮನೆಯಲ್ಲಿ ಅಂಥದ್ದು ಹಿಂದೆ ನಡೆದಿರಲಿಲ್ಲ. ಅದಕ್ಕೆ ಮುಂಚೆ ಬಂದವರು ನನ್ನನ್ನು ಬೇಡವೆಂದಿದ್ದರೇ ಹೊರತು ತಿಂಡಿಯನ್ನು ಬೇಡವೆಂದಿರಲಿಲ್ಲ.

"ಯಾಕಪ್ಪ, ಸೇರಲ್ವಾ?" ಎಂದು ಅಮ್ಮ ಕೇಳಿದಳು.

"ಹಾಗೇನಿಲ್ಲ ಅಮ್ಮ. ಸಕ್ಕರೆ, ಕರಿದಿದ್ದು ಬಿಟ್ಟಿದೀನಿ. ನೆನೆಸಿದ ಕಡಲೆಕಾಳು ಇದ್ರೆ ಕೊಡಿ, ಸಾಕು."

ಮಾರನೆಯ ದಿನದ ಹುಳಿಗೆ ನೆನೆಹಾಕಿದ್ದ ಕಾಳಿತ್ತು. ಅಮ್ಮ ಅದನ್ನೇ ಬೆಳ್ಳಿ ಬಟ್ಟಲಿಗೆ ಹಾಕಿ ತಂದಳು. ಹಸಿ ಕಡಲೆ ಅಗಿಯಲು ಹೊತ್ತು ಬೇಕು. ಅಷ್ಟು ಹೊತ್ತೂ ಎಲ್ಲರೂ ಅವನ ದವಡೆಯನ್ನೇ ನೋಡುತ್ತಿದ್ದರು. ತಲೆ ತಗ್ಗಿಸಿ ಕೂತಿದ್ದ ನನಗೆ ಕಂಡಿದ್ದು ಅವನ ಕೈ ಮಾತ್ರ. ಅಂಗಿಯ ತೋಳು ಅದಕ್ಕೆ ಸಾಲುತ್ತಿರಲಿಲ್ಲ.

"ದಿನಾ ಬೆಳಿಗ್ಗೆ ವಿಜಯನಗರದಲ್ಲಿ ವ್ಯಾಯಾಮಶಾಲೆಗೆ ಹೋಗ್ತಾನೆ. ಅದು ಬಿಟ್ರೆ ಬೇರೆ ಯಾವ ಚಟಾನೂ ಇಲ್ಲ" ಎಂದರು ಅವನ ತಾಯಿ.

ಅವರು ಹೋದ ಮೇಲೆ ಅಜ್ಜಿ ಅಪ್ಪನನ್ನು ಕರೆದು, "ಅವನಿಗೆ ಸಕ್ಕರೆ ಕಾಯಿಲೆ ಕಣೋ. ವ್ಯಾಯಾಮ ಅನ್ನೋದೆಲ್ಲ ನೆಪ. ಹೋಗಿ ವಿಚಾರಿಸ್ಕೊಂಡು ಬಾ" ಎಂದಳು.

ಅಪ್ಪ ಸರ್ಕಾರಿ ಕಚೇರಿಯಲ್ಲಿ ಹೆಡ್ ಕ್ಲಾರ್ಕು. ವಿಚಾರಣೆಯೆಂದರೆ ಅವರಿಗೆ ಉತ್ಸಾಹ. ಭಾನುವಾರ ಬೆಳಿಗ್ಗೆ ಹೋದವರು ಮಧ್ಯಾಹ್ನ ಬಂದರು. ಕೈ ಮೇಲೆತ್ತಲಾಗದೆ ಅಮ್ಮನಿಂದ ಅಂಗಿ ಬಿಚ್ಚಿಸಿಕೊಂಡರು.

"ಕಾಯಿಲೆ ಇದ್ಯಂತಾ?" ಎಂದಳು ಅಜ್ಜಿ.

"ಯಾರಿಗೆ?" ಎಂದರು ಅಪ್ಪ.

ನಡೆದದ್ದು ಇಷ್ಟು. ಹಿಟ್ಟಿನ ಗಿರಣಿಯ ಹಿಂದೆ ಶೀಟು ಹೊದಿಸಿದ ಒಂದು ಕೊಠಡಿ, ಅದೇ ವ್ಯಾಯಾಮಶಾಲೆ. ಅದನ್ನು ನಡೆಸುತ್ತಿದ್ದ ಉಸ್ತಾದರು ಅಪ್ಪನ ಪ್ರಶ್ನೆ ಕೇಳಿಸಿಕೊಂಡು, ಅಪ್ಪನ ಹೊಟ್ಟೆಯನ್ನೊಮ್ಮೆ ನೋಡಿ, "ಹುಡುಗ ಚೆನ್ನಾಗಿದಾನೆ ಸಾರ್. ನೀವು ಯಾವಾಗಿಂದ ಹೀಗಿದೀರಿ?" ಎಂದರಂತೆ. ಮಾತಿಗೆ ಮಾತು ಬೆಳೆದು ಅಪ್ಪ ಅಲ್ಲೇ ದಂಡ, ಬಸ್ಕಿ ಹೊಡೆದಿದ್ದರು. ಹುಡುಗ ಪಕ್ಕದಲ್ಲಿ ನಿಂತು ಹೇಳಿಕೊಟ್ಟಿದ್ದ.

ಮಾರನೆಯ ದಿನ ಅಪ್ಪ ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಮತ್ತೆ ಅಲ್ಲಿಗೇ ಹೋದರು.

ಅಂದಿನಿಂದ ನಮ್ಮ ಅಡುಗೆಮನೆಯಲ್ಲಿ ಅನ್ನ ಅರ್ಧವಾಯಿತು, ಬೇಳೆ ಗಟ್ಟಿಯಾಯಿತು. ಕಚೇರಿಯಿಂದ ಬರುವಾಗ ಹೋಟೆಲಿನಲ್ಲಿ ತಿನ್ನುತ್ತಿದ್ದ ದೋಸೆ ನಿಂತಿತು. ಮೈ ಬರಿಸುವ ಪುಡಿಯ ಡಬ್ಬಿ ಕೊಳ್ಳಲು ಹೊರಟಿದ್ದ ಅಪ್ಪನನ್ನು ಹುಡುಗನೇ ತಡೆದನಂತೆ. ಅವನು ಹೇಳಿದ್ದನ್ನು ಅಪ್ಪ ಊಟದ ಹೊತ್ತಿಗೆ ನಮಗೆ ಒಪ್ಪಿಸುತ್ತಿದ್ದರು: "ಡಬ್ಬಿ ಬೇಡ ಸಾರ್, ಮನೇಲಿ ಹಾಲು, ಮೊಸರು, ಕಾಳು ಇದ್ಯಲ್ಲ. ಭಾರ ಎತ್ತೋದು ಅರ್ಧ ಕೆಲಸ, ಚೆನ್ನಾಗಿ ನಿದ್ದೆ ಮಾಡೋದು ಇನ್ನರ್ಧ." ಆ ಇನ್ನರ್ಧವನ್ನು ಅಪ್ಪ ಮೊದಲಿನಿಂದಲೂ ಮಾಡಿಕೊಂಡು ಬಂದಿದ್ದರು.

"ಅವನು ನೋಡಕ್ಕೆ ಬಂದಿದ್ದು ನಿಮ್ಮನ್ನೋ, ಇವಳನ್ನೋ?" ಎಂದು ಅಮ್ಮ ಒಂದು ದಿನ ಕೇಳಿಯೇಬಿಟ್ಟಳು.

"ವಿಚಾರಿಸ್ತಾ ಇದೀನಲ್ಲ" ಎಂದರು ಅಪ್ಪ.

ಹೀಗೇ ತಿಂಗಳುಗಳು ಉರುಳಿದವು. ಹುಡುಗ ಎಷ್ಟು ಭಾರ ಎತ್ತುತ್ತಾನೆ, ಎಷ್ಟು ಹೊತ್ತಿಗೆ ಮಲಗುತ್ತಾನೆ, ಎಲ್ಲವೂ ನನಗೆ ಗೊತ್ತಾಗಿತ್ತು. ನಾನು ಅವನಿಗೆ ಒಪ್ಪಿಗೆಯೋ ಇಲ್ಲವೋ ಎಂಬುದು ಮಾತ್ರ ಗೊತ್ತಿರಲಿಲ್ಲ. ನಾನು ಪಾಠ ಹೇಳುತ್ತಿದ್ದ ಶಾಲೆಯಲ್ಲಿ ಮಕ್ಕಳಿಗೆ ಡ್ರಿಲ್ ಮಾಡಿಸುವಾಗಲೂ ಅದೇ ನೆನಪಾಗಿ ಸಿಟ್ಟು ಬರುತ್ತಿತ್ತು.

ಒಂದು ಬೆಳಿಗ್ಗೆ ಮನೆ ಮುಂದೆ ಆಟೋ ನಿಂತಿತು. ಹುಡುಗ ಅಪ್ಪನನ್ನು ಎತ್ತಿಕೊಂಡು ಒಳಗೆ ಬಂದು ಚಾಪೆಯ ಮೇಲೆ ಮಲಗಿಸಿದ. ಅವನು ವ್ಯಾಯಾಮಶಾಲೆಗೆ ಬರುವುದು ತಡವಾದಾಗ ಅಪ್ಪ ತಾವೇ ರಾಡಿಗೆ ಇನ್ನೆರಡು ಕಬ್ಬಿಣದ ಬಿಲ್ಲೆ ಏರಿಸಿ ನೆಲದಿಂದ ಎತ್ತಲು ಹೋಗಿ ಬೆನ್ನು ಹಿಡಿಸಿಕೊಂಡಿದ್ದರು.

"ಕಾಯಿಲೆಯವನು ಇಷ್ಟು ದೊಡ್ಡ ಆಳನ್ನ ಎತ್ತಕ್ಕಾಗಲ್ಲ" ಎಂದು ಅಜ್ಜಿ ಒಪ್ಪಿಕೊಂಡಳು.

ಅಮ್ಮ ಎಣ್ಣೆ ಬಿಸಿ ಮಾಡಲು ಹೋದಳು. ನಾನು ಮೊದಲ ಸಲ ಹುಡುಗನ ಮುಖ ನೋಡಿದೆ. ಗಾಬರಿಯಾಗಿದ್ದ. ಒಳ್ಳೆಯ ಮುಖ.

"ನಮ್ಮಪ್ಪನ ವಿಷಯ ಆಯ್ತು. ನನ್ನ ವಿಷಯ ಏನಾಯ್ತು?" ಎಂದು ಕೇಳಿದೆ.

ಅವನ ಗಾಬರಿ ಇನ್ನೂ ಹೆಚ್ಚಿತು. "ನಿಮ್ಮ ಕಡೆಯಿಂದ್ಲೇ ಉತ್ತರ ಬರ್ಲಿಲ್ಲ. ನಾನು ಒಪ್ಪಿಗೆ ಅಂತ ಆಗ್ಲೇ ಸಾರ್ ಹತ್ರ ಹೇಳಿದ್ದೆ."

"ಯಾವಾಗ?"

"ಮೊದಲನೇ ದಿನ. ಅವರು ಬಸ್ಕಿ ಹೊಡೀತಿದ್ರು."

ಚಾಪೆಯ ಮೇಲಿನಿಂದ ಅಪ್ಪ, "ಹೇಳಿದ್ದ ಕಣೇ. ಆಗ ಉಸಿರು ಕಟ್ಟಿತ್ತು. ಆಮೇಲೆ ಮರೆತುಹೋಯ್ತು" ಎಂದರು.

"ಮತ್ತೆ ನೀವ್ಯಾಕೆ ಕೇಳ್ಲಿಲ್ಲ?" ಎಂದು ಹುಡುಗನನ್ನು ದಬಾಯಿಸಿದೆ.

"ದಿನಾ ಸಿಗೋರನ್ನ ಹೇಗೆ ಕೇಳೋದು? ಇಲ್ಲ ಅಂದ್ಬಿಟ್ರೆ ಮಾರನೇ ದಿನ ಅವರ ಮುಖ ಹೇಗೆ ನೋಡೋದು?"

"ಮದುವೆ ಆದ್ಮೇಲೆ ನಾನು ಕೆಲಸ ಬಿಡಬೇಕಾ?"

ಅವನು ಯೋಚಿಸಿದ. "ಬಿಡ್ಬೇಡಿ. ಅಭ್ಯಾಸ ತಪ್ಪಿದ್ರೆ ಆಮೇಲೆ ಕಷ್ಟ."

ನಾನು ಆಗಲಿ ಎಂದೆ. ಅಪ್ಪನ ಜೊತೆ ಮಾತ್ರ ಕೆಲವು ದಿನ ಮಾತಾಡಲಿಲ್ಲ. ಬೆನ್ನಿಗೆ ಎಣ್ಣೆ ತಿಕ್ಕುವಾಗ ಕೈಯನ್ನು ಸ್ವಲ್ಪ ಒತ್ತಿಯೇ ಆಡಿಸಿದೆ. ಅವರು ಹಲ್ಲು ಕಚ್ಚಿಕೊಂಡರು.

ಮದುವೆ ಆ ವರ್ಷವೇ ಆಯಿತು. ವಿಜಯನಗರದಲ್ಲಿ ಸಂಸಾರ ಹೂಡಿದೆವು. ಬಿಲ್ಲೆ ಮುಟ್ಟಬಾರದು, ಬರೀ ರಾಡು ಎತ್ತಬೇಕು ಎಂಬ ಷರತ್ತಿನ ಮೇಲೆ ಉಸ್ತಾದರು ಅಪ್ಪನನ್ನು ಮತ್ತೆ ಸೇರಿಸಿಕೊಂಡರು. ಹಬ್ಬಕ್ಕೆ ಮನೆಗೆ ಬಂದ ಅಳಿಯನನ್ನು ಬಹುವಚನದಲ್ಲಿ ಮಾತಾಡಿಸಿ ಮಣೆ ಹಾಕುತ್ತಿದ್ದ ಅಪ್ಪ, ವ್ಯಾಯಾಮಶಾಲೆಯಲ್ಲಿ ಅದೇ ಅಳಿಯನಿಂದ "ಬೆನ್ನು ನೆಟ್ಟಗೆ ಮಾವ, ಮಂಡಿ ಬಗ್ಸಿ, ಅವಸರ ಯಾಕೆ?" ಎಂದು ಬೈಸಿಕೊಳ್ಳುತ್ತಿದ್ದರು. ರಸ್ತೆಯವರೆಗೂ ಕೇಳಿಸುತ್ತಿತ್ತು.

ಭಾನುವಾರ ತರಕಾರಿ ತಂದು ನಾನು ಗಿರಣಿಯ ಮುಂದೆ ಕಾಯುತ್ತಿದ್ದೆ. ಇಬ್ಬರೂ ಬೆವರು ಒರೆಸಿಕೊಳ್ಳುತ್ತಾ ಬರುತ್ತಿದ್ದರು. ನಾನು ಚೀಲ ಚಾಚಿದರೆ ಅಪ್ಪ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು.

"ಅವನ ಕೈಗೆ ಕೊಡಮ್ಮ. ಡಾಕ್ಟರು ನನಗೆ ಭಾರ ಎತ್ತಬೇಡಿ ಅಂದಿದಾರೆ."